ಗಣಪನಿಗೆ, ರೊಮೇನಿಯಾದ ಬುಕಾರೆಸ್ಟಿನಿಂದ

ಪ್ರಿಯ ಗಣಪ,

'ಜಿಪ್ಸಿಗಳ ನಾಡಿನಲ್ಲಿ ಹೇಗಿದ್ದೀಯ?' ಅಂತ ಎಲ್ಲರ ಮುಂದೆ ಕೇಳಿದ್ದೀಯಲ್ಲ, ಅದಕ್ಕೆ ಎಲ್ಲರ ಮುಂದೆಯೇ ಉತ್ತರ. ನಿನ್ನ ಮಾರುತಿ ಜಿಪ್ಸಿ ಈಗಲಾದರೂ ತಳ್ಳದೆ ಸ್ಟಾರ್ಟ್ ಆಗುತ್ತಾ? ಆಗುಂಬೆ ವಿಷಯ ನಾನು ಎತ್ತುವುದಿಲ್ಲ, ಹೆದರಬೇಡ.

ಆ ಹೆಸರಿನದೇ ದೊಡ್ಡ ಕತೆ ಮಾರಾಯ. ಒಂದು ಕಾಲಕ್ಕೆ ಅಲೆಮಾರಿಗಳಾಗಿದ್ದ ಈ ಜನರನ್ನು ಈಜಿಪ್ಟಿನಿಂದ ಬಂದವರು ಅಂದುಕೊಂಡು ಇಂಗ್ಲಿಷರು ಜಿಪ್ಸಿ ಅಂದರು. ಬಂದದ್ದು ನಮ್ಮ ಉತ್ತರ ಭಾರತದ ಕಡೆಯಿಂದ, ಸುಮಾರು ಸಾವಿರ ವರ್ಷದ ಹಿಂದೆ. ನೀರಿಗೆ ಈಗಲೂ ಪಾನಿ ಅಂತಾರೆ, ನಮ್ಮೂರ ತಾಂಡಾದವರ ಹಾಗೇ. ತಮ್ಮನ್ನು ರೋಮ್ ಅಂತ ಕರೆದುಕೊಳ್ಳುತ್ತಾರೆ. ಅವರ ಮಾತಿನಲ್ಲಿ ಗಂಡಸು, ಗಂಡ ಅಂತ ಅರ್ಥ. ರೊಮೇನಿಯಾದ ಹೆಸರು ಇಟಲಿಯ ರೋಮ್‌ನದು, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಇದನ್ನು ಇಲ್ಲಿಯವರು ಕೇಳದೆಯೂ ಹೇಳುತ್ತಾರೆ, ಸ್ವಲ್ಪ ಜೋರಾಗಿಯೇ.

ಅವರಿಗೆ ಇಲ್ಲಿಯ ಹಳೇ ಹೆಸರು ತ್ಸಿಗಾನ್. ಒಂದು ಕಾಲಕ್ಕೆ ಹಾಗೆಂದರೆ ಗುಲಾಮ ಅಂತಲೇ ಲೆಕ್ಕ. 1385ರಲ್ಲಿ ಇಲ್ಲಿಯ ತಿಸ್ಮಾನಾ ಎಂಬ ಕ್ರೈಸ್ತ ಮಠಕ್ಕೆ ಕೊಟ್ಟ ದಾನಗಳಲ್ಲಿ 40 ತ್ಸಿಗಾನ್ ಕುಟುಂಬಗಳೂ ಇವೆ, ನಮ್ಮ ಶಾಸನಗಳಲ್ಲಿ ದೇವಸ್ಥಾನಕ್ಕೆ ಗದ್ದೆ ಬಿಟ್ಟ ಹಾಗೆ. ಆ ಪದ್ಧತಿ ಪೂರ್ತಿ ನಿಂತದ್ದು 1856ರಲ್ಲಿ. ಹೆಸರು ಮಾತ್ರ ನಿಂತಿಲ್ಲ, ಈಗ ಬೈಗುಳವಾಗಿಯೇ ಜಾಸ್ತಿ ಕೇಳಿಸುತ್ತದೆ.

ನನ್ನ ಬಣ್ಣ ನಿನಗೆ ಗೊತ್ತಲ್ಲ. ಒಂದು ಅಂಗಡಿಯಲ್ಲಿ ಸೆಕ್ಯುರಿಟಿಯವನು ನನ್ನ ಹಿಂದೆಯೇ ಬಂದ. ಟೂತ್‌ಪೇಸ್ಟ್ ಹತ್ತಿರ ನಿಂತರೆ ಅವನೂ ನಿಂತ. ತಿರುಗಿ 'ಇಂಡಿಯಾ' ಅಂದೆ. 'ಓ, ರಾಜ್ ಕಪೂರ್!' ಅಂತ ಹಲ್ಲು ಬಿಟ್ಟ. ನನಗೆ ಸಿಟ್ಟು ಬರಬೇಕಿತ್ತು ಅಲ್ವಾ? ನಾನೂ ಹಲ್ಲು ಬಿಟ್ಟೆ. ಪಕ್ಕದ ಸಾಲಿನಲ್ಲಿ ಉದ್ದ ಲಂಗದ ಹೆಂಗಸೊಬ್ಬಳು ಮಗುವಿಗೆ ಬಿಸ್ಕತ್ತು ಆರಿಸುತ್ತಿದ್ದಳು. ಅವನು ಅತ್ತ ಹೊರಟ. ಹೋದ ಜೀವ ಬಂದಂತಾಯಿತು ಕಣೋ ನನಗೆ. ಅಂದಿನಿಂದ ಭಾನುವಾರವೂ ಆಫೀಸಿನ ಟ್ಯಾಗ್ ಕತ್ತಿಗೆ ಹಾಕಿಕೊಂಡೇ ತರಕಾರಿಗೆ ಹೋಗುತ್ತೇನೆ. ಮನೆಯಲ್ಲಿ ಹೇಳಿಲ್ಲ. ನಿನಗೂ ಹೇಳಬೇಕೆಂದಿರಲಿಲ್ಲ, ಸುಮ್ನೆ ಬಂದುಬಿಟ್ಟಿತು.

ಬಿಡು. ಆ ಟ್ಯಾಗಿನ ಫೋಟೊದಲ್ಲಿ ನನ್ನ ಕಣ್ಣು ಮುಚ್ಚಿದೆ. ಯಾರಾದರೂ ಹತ್ತಿರ ಬಂದು ನೋಡಿದರೆ ಅನುಮಾನ ಇನ್ನೂ ಜಾಸ್ತಿಯೇ ಆಗುತ್ತದೆ. ಓದುತ್ತಿರುವ ಬಾಕಿಯವರು ಲೈಕ್ ಒತ್ತಿ ಹೋಗಲಿ. ನೀನು ಮಾತ್ರ ಭಟ್ಟರ ಹೋಟೆಲಿನ ಆ ನೂರೈವತ್ತು ರೂಪಾಯಿ ಕಳಿಸು.

ಇಂತಿ ನಿನ್ನ,
ಕರಿಯ