ಊಟಿಗೇ ಹೋಗೋಣ ಕಣೋ

ಪ್ರೀತಿಯ ಗೆಳೆಯ,

"ರಜೆಗೆ ಮತ್ತೆ ಊಟಿನಾ? ಜಾತ್ರೆ ನೋಡೋಕೆ ಅಷ್ಟು ದೂರ ಯಾಕೆ?" ಅಂತ ಮೂಗು ಮುರಿದೆಯಲ್ಲ, ಅದಕ್ಕೇ ಈ ಪತ್ರ. ಮೇ ತಿಂಗಳ ಭಾನುವಾರ ಬೋಟ್ ಹೌಸ್ ಕ್ಯೂನಲ್ಲಿ ನಿಂತು ಬಂದವನು ಇನ್ನೇನಂದಾನು! ತಮಿಳುನಾಡಿನ ಗಡಿಯ ತಾಳವಾಡಿಯಲ್ಲಿರೋ ನನಗೆ ಅದು ನೆರೆಯ ಬೆಟ್ಟ. ಜನ ಇಳಿದ ಮೇಲೆ ಹತ್ತೋದು ನನ್ನ ಅಭ್ಯಾಸ. ಜನವರಿಯಲ್ಲಿ ಪೊಂಗಲ್ ರಜೆ ಮುಗಿಯಲಿ, ಆಗ ಬಾ.

ಬಂಡೀಪುರದ ಮೇಲೆ ಹೋಗೋದು ನಿನಗೆ ಹತ್ತಿರ, ಗೊತ್ತು. ಆದರೂ ನಮ್ಮೂರಿಗೇ ಬಾ. ದಿಂಬಂ ಘಾಟಿಯ 27 ತಿರುವು ಇಳಿದು, ಸತ್ಯಮಂಗಲ ದಾಟಿ ಮೆಟ್ಟುಪಾಳ್ಯಂ ಸೇರೋಣ. ಹಿಂದಿನ ದಿನವೇ ಹೊರಡಬೇಕು. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಘಾಟಿ ಬಂದ್, ಮೆಟ್ಟುಪಾಳ್ಯಂನಿಂದ ಊಟಿಗೆ ಹತ್ತೋ ಬೆಟ್ಟದ ರೈಲೋ ಬೆಳಿಗ್ಗೆ ಏಳರ ಸುಮಾರಿಗೇ ಹೊರಟುಬಿಡುತ್ತೆ. 46 ಕಿ.ಮೀ.ಗೆ ಹತ್ತಿರ ಹತ್ತಿರ ಐದು ಗಂಟೆ. ನಗಬೇಡ. ಕಲ್ಲಾರಿನಿಂದ ಕೂನೂರಿನವರೆಗೆ ಹಳಿಗಳ ನಡುವೆ ಹಲ್ಲಿನ ಪಟ್ಟಿ ಇದೆ, ಎಂಜಿನ್ನಿನ ಹಲ್ಲುಚಕ್ರ ಅದನ್ನ ಕಚ್ಚಿಕೊಂಡೇ ಮೇಲೇರಬೇಕು. ಎಂಜಿನ್ ಎಳೆಯೋದಿಲ್ಲ, ಹಿಂದಿನಿಂದ ತಳ್ಳುತ್ತೆ. ಹಾಗಾಗಿ ಮುಂದಿನ ಬೋಗಿಯಲ್ಲಿ ಸೀಟು ಸಿಕ್ಕರೆ ಕಣ್ಣೆದುರು ಹಳಿ, ಕಣಿವೆ, ಸುರಂಗದ ಬಾಯಿ ಅಷ್ಟೇ. ಹಿಲ್‌ಗ್ರೋವ್‌ನಲ್ಲಿ ಎಂಜಿನ್ ನೀರು ಕುಡಿಯುವಾಗ ನೀನು ಟೀ ಕುಡಿ. ಕೈಲಿರೋ ವಡೆ ಜೋಪಾನ, ಅಲ್ಲಿನ ಕೋತಿಗಳಿಗೆ ಯಾರ ಮುಲಾಜೂ ಇಲ್ಲ.

ಈಗ ಬೋಟ್ ಹೌಸ್ ಇರೋ ಊಟಿ ಕೆರೆ ವಿಷಯ. ನೀನು ನೋಡಿದ್ದು ಅಳಿದುಳಿದ ಕೆರೆ. ಕೊಯಮತ್ತೂರಿನ ಕಲೆಕ್ಟರ್ ಆಗಿದ್ದ ಜಾನ್ ಸುಲಿವನ್ 1820ರ ದಶಕದಲ್ಲಿ ತೊರೆಗಳಿಗೆ ಒಡ್ಡು ಹಾಕಿಸಿ ಕಟ್ಟಿಸಿದಾಗ ಅದು ಈಗಿನದಕ್ಕಿಂತ ಎಷ್ಟೋ ದೊಡ್ಡದಿತ್ತು. ಬಸ್ ನಿಲ್ದಾಣ, ರೇಸ್ ಕೋರ್ಸ್ ಎಲ್ಲ ಆಮೇಲೆ ಕೆರೆ ಅಂಗಳದಲ್ಲೇ ಎದ್ದವು. ಆ ಬೆಟ್ಟದೂರಲ್ಲಿ ಕುದುರೆ ಓಡಿಸುವಷ್ಟು ಮಟ್ಟಸ ಜಾಗ ಇನ್ನೆಲ್ಲಿಂದ ಬರಬೇಕು ಹೇಳು? ಬಸ್ಸಿಳಿದು ಬ್ಯಾಗು ಹುಡುಕುವಾಗಲೇ ನೀನು ಕೆರೆಯೊಳಗೆ ನಿಂತಿದ್ದೆ ಮಾರಾಯ!

ಉಳಿದದ್ದನ್ನು ಬೆಳಿಗ್ಗೆ ಆರೂವರೆಗೆ ನೋಡಬೇಕು. ದಡದ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಿರುತ್ತೆ, ಕಾಲಿಟ್ಟರೆ ಚರಚರ ಸದ್ದು. ಗಂಜಿ ಬಸಿದ ಪಾತ್ರೆ ಥರ ನೀರಿಂದ ಹಬೆ ಏಳ್ತಿರುತ್ತೆ. ಪೆಡಲ್ ದೋಣಿಗಳಿನ್ನೂ ಕಟ್ಟಿಹಾಕಿದ ಹಾಗೇ ಇರ್ತವೆ. ನೀಲಗಿರಿ ಮರದ ಘಾಟು, ಅದರ ಜೊತೆಗೆ ಸವಾರಿ ಕುದುರೆಗಳ ಲದ್ದಿ ವಾಸನೆ. ನೀರಿಗೆ ಮಾತ್ರ ಕೈ ಹಾಕಬೇಡ. ಊರ ಚರಂಡಿಯೂ ಸೇರೋ ಕೆರೆ ಅದು, ಸುಳ್ಳು ಯಾಕೆ ಹೇಳಲಿ.

ಒಂಬತ್ತಕ್ಕೆ ಜನ ಬರೋ ಹೊತ್ತಿಗೆ ನಾವು ಜಾಗ ಖಾಲಿ ಮಾಡಿ ಫರ್ನ್‌ಹಿಲ್ ಕಡೆ ನಡೆಯೋಣ. ಮೈಸೂರು ಅರಸರ ಬೇಸಿಗೆ ಅರಮನೆ ಇರೋದು ಅಲ್ಲೇ, ಕರ್ನಾಟಕ ತೋಟಗಾರಿಕೆ ಇಲಾಖೆಯ 38 ಎಕರೆ ಉದ್ಯಾನವೂ ಅಲ್ಲೇ. ಮಧ್ಯಾಹ್ನ ಮಾರುಕಟ್ಟೆ. ನೀಲಗಿರಿಯ ಬಡಗರ ಮಾತು ಕನ್ನಡಕ್ಕೆ ಹತ್ತಿರ, ಅಲ್ಲಿನ ಬಡಗ ಹೆಂಗಸರು ತಂತಮ್ಮಲ್ಲಿ ಮಾತಾಡೋದು ನಿನಗೆ ಮುಕ್ಕಾಲು ಪಾಲು ಅರ್ಥವಾಗುತ್ತೆ, ಹಾಗಾಗಿ ಕ್ಯಾರೆಟ್ಟಿನ ದರ ಕೇಳಿ ಗೊಣಗುವಾಗ ಹುಷಾರು. ನಿನ್ನ ಗೊಣಗಾಟವೂ ಅವರಿಗೆ ಅರ್ಥವಾಗುತ್ತೆ.

ಕಾರು ತರಬೇಡ. 2024ರ ಮೇಯಿಂದ ಅದಕ್ಕೆ ಇ-ಪಾಸ್ ಬೇಕು, ರೈಲಿಗೆ ಆ ಗೋಳಿಲ್ಲ. ಆದರೆ ರೈಲಿನ ಸೀಟು ಬೇಗ ಮುಗಿದುಹೋಗುತ್ತೆ, ಅದಕ್ಕೆ ಈ ವಾರವೇ ತಾರೀಕು ತಿಳಿಸು. ಹೊಸ ಸ್ವೆಟರ್ ಅಂತ ನಿಮ್ಮೂರಲ್ಲಿ ದುಡ್ಡು ಸುರಿಯಬೇಡ. ಊಟಿಯಲ್ಲಿ ಬೊಟಾನಿಕಲ್ ಗಾರ್ಡನ್ ಹತ್ತಿರ ಟಿಬೆಟಿಯನ್ನರ ಮಾರ್ಕೆಟ್ ಇದೆ, ಚೌಕಾಸಿಗೆ ಹೇಗೂ ನೀನಿದ್ದೀಯ.

ನಿನ್ನ,
ತಾಳವಾಡಿಯವ