ಫ್ಲೆಕ್ಸ್ ದೊಡ್ಡದು, ಫೋನ್ ಎತ್ತುವವರಿಲ್ಲ

ಮಾನ್ಯರೇ,

ನಮ್ಮೂರಿನ ಉದ್ಯಮಿಗಳಿಗೆ ಈಗ ಪರ್ಸನಲ್ ಬ್ರ್ಯಾಂಡಿಂಗ್, ಅಂದರೆ ತಮ್ಮ ಹೆಸರು-ಮುಖವನ್ನೇ ಪ್ರಚಾರ ಮಾಡಿಕೊಳ್ಳುವ ಗೀಳು ಜಾಸ್ತಿಯಾಗಿದೆ. ಹಂಪನಕಟ್ಟೆಯ ಫ್ಲೆಕ್ಸ್‌ಗಳಲ್ಲಿ ಕೈ ಕಟ್ಟಿ ನಿಂತ ಫೋಟೋ, ಲಿಂಕ್ಡ್‌ಇನ್‌ನಲ್ಲಿ ದಿನಕ್ಕೊಂದು ಉಪದೇಶ. ಅಂಥದ್ದೇ ಒಂದು ಅಂಗಡಿಗೆ ಕೆಟ್ಟ ಮಿಕ್ಸಿ ಕೊಟ್ಟಿದ್ದೇನೆ, ಫೋನ್ ಮಾಡಿದರೆ ಎತ್ತುವವರೇ ಇಲ್ಲ!

ಟಿ.ಎಂ.ಎ. ಪೈ ಮತ್ತು ಜೊತೆಗಾರರು 1925ರಲ್ಲಿ ಉಡುಪಿಯಲ್ಲಿ ಕಟ್ಟಿದ ಸಿಂಡಿಕೇಟ್ ಬ್ಯಾಂಕ್ ಹೆಸರು ಮಾಡಿದ್ದು ಹೇಗೆ? 1928ರ ಪಿಗ್ಮಿ ಎಂಬ ದಿನದ ಸಣ್ಣ ಉಳಿತಾಯ ಯೋಜನೆಯಿಂದ. ಏಜೆಂಟ್ ಮನೆಬಾಗಿಲಿಗೇ ಬಂದು ಎರಡಾಣೆಯಾದರೂ ಸರಿ ಅಂತ ತೆಗೆದುಕೊಂಡು ಹೋಗುತ್ತಿದ್ದರು. 2020ರಲ್ಲಿ ಬ್ಯಾಂಕ್ ಕೆನರಾ ಜೊತೆ ವಿಲೀನವಾಯಿತು, ಬೋರ್ಡೂ ಹೋಯಿತು. ಪಿಗ್ಮಿ ಅಂದರೆ ಮಾತ್ರ ಇವತ್ತಿಗೂ ಇಲ್ಲಿ ಎಲ್ಲರಿಗೂ ಗೊತ್ತು, ಅಲ್ವಾ?

ಫ್ಲೆಕ್ಸ್ ಹಾಕಿ, ಬೇಡ ಅನ್ನುವುದಿಲ್ಲ. ಮೊದಲು ಕೌಂಟರಿನ ಹುಡುಗನಿಗೆ ರಿಪೇರಿ ಯಾವಾಗ ಅಂತ ಹೇಳುವಷ್ಟಾದರೂ ಅಧಿಕಾರ ಕೊಡಿ.

- ಓದುಗ, ಕದ್ರಿ, ಮಂಗಳೂರು