ಸ್ಟೆಪ್‌ಡೌನ್ ಒಂದೇ ಸಾಲದು, ಹರ್ಟ್ಜ್ ಕೂಡ ನೋಡಿ

ಮಾನ್ಯ ಸಂಪಾದಕರೇ,

ಹಳೇ ಕಂಪ್ಯೂಟರುಗಳನ್ನು ಅಟ್ಟದಿಂದ ಇಳಿಸಿ ಮತ್ತೆ ಓಡಿಸುವ ಹುಡುಗರ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿ ಖುಷಿಯಾಯಿತು. ಆದರೆ ವಿದೇಶದ ಮೆಷಿನ್ ಆದರೆ ಒಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದರೆ ಸಾಕು ಅಂತ ಅದರಲ್ಲಿ ಬರೆದದ್ದು ನೋಡಿ ಸುಮ್ಮನಿರಲು ಆಗಲಿಲ್ಲ. ಸಾಕಾಗುವುದಿಲ್ಲ. ಸ್ಟೆಪ್‌ಡೌನ್ ಇಳಿಸುವುದು ವೋಲ್ಟೇಜ್ ಮಾತ್ರ. 230 ಹೋಗಿ 110 ಆಗುತ್ತದೆ, ಆದರೆ ನಮ್ಮ ಕರೆಂಟಿನ 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಅಲೆ, ಆ ಕಡೆಯೂ 50 ಆಗಿಯೇ ಇರುತ್ತದೆ. ಅಮೆರಿಕದ ಮೆಷಿನಿಗೆ ಬೇಕಾದದ್ದು 60.

ನಮ್ಮ ಮಂಗಳೂರು, ಉಡುಪಿ ಕಡೆಯವರು ಇದನ್ನು ತಿಳಿದಿರಲೇಬೇಕು. ಯಾಕೆಂದರೆ ಇಲ್ಲಿನ ಎಷ್ಟೋ ಮನೆಗಳಲ್ಲಿ ಗಲ್ಫ್‌ನಿಂದ ತಂದ ಸಾಮಾನು ಇದೆ. ದುಬೈ, ಕುವೈತ್, ಬಹರೈನ್, ಮಸ್ಕತ್ ಎಲ್ಲ ಕಡೆ ನಮ್ಮ ಹಾಗೆ 50 ಹರ್ಟ್ಜ್. ಸೌದಿಯಲ್ಲಿ ಮಾತ್ರ 60, ಮೊದಲು ಅಲ್ಲಿನ ಮನೆಗಳಿಗೆ 127 ವೋಲ್ಟ್ ಕೂಡ ಬರುತ್ತಿತ್ತು. ಎಂಬತ್ತರ ದಶಕದಲ್ಲಿ ಸೌದಿಯ ದಮ್ಮಾಮ್‌ನಿಂದ ತಂದ ಕಮೊಡೋರ್ 64 ಎಂಬ ಮನೆಬಳಕೆಯ ಕಂಪ್ಯೂಟರ್, ದುಬೈಯಿಂದ ತಂದ ಕಮೊಡೋರ್ 64 ನೋಡಲು ಒಂದೇ ಥರ, ಆದರೆ ಪವರ್ ಸಪ್ಲೈ (ಅದಕ್ಕೆ ಕರೆಂಟ್ ಕೊಡುವ ಡಬ್ಬಿ) ಬೇರೆ ಇರಬಹುದು. ಆ ಸಪ್ಲೈಯ ಅಡಿಯಲ್ಲಿ ಅಂಟಿಸಿದ ಚೀಟಿ ಓದಿ. 50/60 ಅಂತ ಇದ್ದರೆ ವೋಲ್ಟೇಜ್ ನೋಡಿಕೊಂಡರೆ ಆಯಿತು. ಬರೀ 60 ಇದ್ದರೆ ಪ್ಲಗ್ ಹಾಕಬೇಡಿ.

ಆಗುವುದೇನೆಂದರೆ, 60ಕ್ಕೆ ಲೆಕ್ಕ ಹಾಕಿ ಸುತ್ತಿದ ಟ್ರಾನ್ಸ್‌ಫಾರ್ಮರಿಗೆ ಅಷ್ಟೇ ವೋಲ್ಟೇಜನ್ನು 50ರಲ್ಲಿ ಕೊಟ್ಟರೆ ಅದರ ಕಬ್ಬಿಣದೊಳಗಿನ ಕಾಂತದ ಬಲ ಐದರಲ್ಲಿ ಒಂದು ಪಾಲು ಜಾಸ್ತಿಯಾಗುತ್ತದೆ, ಕಬ್ಬಿಣಕ್ಕೆ ಅಷ್ಟು ಹಿಡಿಯದಿದ್ದರೆ ಕಾಯಿಲ್ ಬೇಡದ ಕರೆಂಟ್ ಎಳೆದು ಬಿಸಿಯಾಗುತ್ತದೆ. ಕಮೊಡೋರ್‌ನ ಎಷ್ಟೋ ಸಪ್ಲೈಗಳಲ್ಲಿ ಒಳಗೆಲ್ಲ ರಾಳ ತುಂಬಿರುವುದರಿಂದ ಆ ಬಿಸಿ ಹೊರಗೆ ಹೋಗುವುದೂ ಕಷ್ಟ. ವೋಲ್ಟೇಜ್ ಹಿಡಿತದಲ್ಲಿಡುವ ಒಳಗಿನ ರೆಗ್ಯುಲೇಟರ್ ಕೆಟ್ಟರೆ 5 ವೋಲ್ಟ್ ಇರಬೇಕಾದಲ್ಲಿ ಜಾಸ್ತಿ ಬಂದು ಮೆಮೊರಿ ಚಿಪ್‌ಗಳು ಸಾಯುತ್ತವೆ. ನನ್ನ ಭಾವನ ಮೆಷಿನಿಗೆ ಹೀಗೇ ಆಯಿತು. ಇಲ್ಲಿನ ಒಂದು ಅಂಗಡಿಯವರು ಸ್ಟೆಪ್‌ಡೌನ್ ಮಾರಿದರು, ಹರ್ಟ್ಜ್ ಎಷ್ಟು ಅಂತ ಕೇಳಲೇ ಇಲ್ಲ. ನಲವತ್ತು ವರ್ಷ ಉಳಿದಿದ್ದ ಮೆಷಿನ್, ಹೊಟ್ಟೆ ಉರಿಯುತ್ತದೆ.

ಕಮೊಡೋರ್ 64ಕ್ಕೆ ದಾರಿ ಸುಲಭ. ಸಪ್ಲೈ ಹೊರಗಿದೆ ಅಲ್ವಾ, ಹಳೆಯದನ್ನು ಬದಿಗಿಟ್ಟು ನಮ್ಮ 230 ವೋಲ್ಟ್, 50 ಹರ್ಟ್ಜ್‌ಗೇ ಮಾಡಿದ, 5 ವೋಲ್ಟ್ ಡಿಸಿ (ಒಂದೇ ದಿಕ್ಕಿನ ಕರೆಂಟ್) ಮತ್ತು 9 ವೋಲ್ಟ್ ಎಸಿ (ಅಲೆಯಾಗಿ ಹರಿಯುವ ಕರೆಂಟ್) ಕೊಡುವ ಹೊಸದು ಹಾಕಿ. ಆ ಎಸಿಯ ಅಲೆಗಳನ್ನು ಎಣಿಸುವ ಒಂದು ಗಡಿಯಾರ ಕಂಪ್ಯೂಟರಿನೊಳಗಿನ ಸಿಐಎ ಎಂಬ ಚಿಪ್ಪಿನಲ್ಲಿದೆ. 60 ಅಂತ ಇಟ್ಟದ್ದು ಹಾಗೇ ಉಳಿದರೆ ಇಲ್ಲಿ ಗಂಟೆಗೆ 10 ನಿಮಿಷ ಹಿಂದೆ ಬೀಳುತ್ತದೆ, ಪ್ರೋಗ್ರಾಮಿನಲ್ಲಿ ಒಂದು ಬಿಟ್ ಬದಲಿಸಿದರೆ 50ಕ್ಕೆ ಸರಿಹೋಗುತ್ತದೆ.

1981ರ ಐಬಿಎಂ ಪಿಸಿ, ಆಪಲ್ 2 ಇಂಥವುಗಳ ಸಪ್ಲೈ ಮೊದಲೇ ಕರೆಂಟನ್ನು ಡಿಸಿ ಮಾಡಿಕೊಳ್ಳುವುದರಿಂದ ಹರ್ಟ್ಜ್‌ನ ತಕರಾರು ಕಡಿಮೆ, ಅಲ್ಲಿ ಸ್ಟೆಪ್‌ಡೌನ್ ನಡೆಯುತ್ತದೆ. ನಿಜವಾದ ತಲೆನೋವು 8 ಇಂಚಿನ ಫ್ಲಾಪಿ ಡ್ರೈವ್. ಅದರಲ್ಲಿ ಎಷ್ಟೋ ಡ್ರೈವ್‌ಗಳ ಮೋಟಾರ್ ನೇರ ಎಸಿಯಲ್ಲಿ ಓಡುತ್ತದೆ, ಬೆಲ್ಟ್ ಹಾಕಿದ ಪುಲ್ಲಿ ಡಿಸ್ಕನ್ನು ನಿಮಿಷಕ್ಕೆ 360 ಸುತ್ತು ತಿರುಗಿಸಬೇಕು, 60ರ ಪುಲ್ಲಿ ನಮ್ಮ ಕರೆಂಟಿನಲ್ಲಿ 300ಕ್ಕೆ ಇಳಿಯುತ್ತದೆ. ಡಿಸ್ಕ್ ಓದುವುದೇ ಇಲ್ಲ. 50ರ ಪುಲ್ಲಿ ಹಾಕಬೇಕು. ವೋಲ್ಟೇಜ್ ಏರಿಳಿಯದಂತೆ ಇಡುವ ಸಿವಿಟಿ ಸ್ಟೆಬಿಲೈಸರ್ ಕೂಡ ಹಾಗೇ, ಒಂದೇ ಹರ್ಟ್ಜ್‌ಗೆ ಹೊಂದಿಸಿ ಮಾಡಿದ್ದು, 60ರದ್ದು ಇಲ್ಲಿಗೆ ಆಗುವುದಿಲ್ಲ.

ಲೇಖನ ಬರೆದವರು ಮುಂದಿನ ವಾರ ಈ ತಿದ್ದುಪಡಿ ಹಾಕಲಿ. ಇನ್ನೊಂದು ಕೋರಿಕೆ ನಮ್ಮ ಎರಡೂ ಜಿಲ್ಲೆಗಳ ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳಿಗೆ. ನಿಮ್ಮ ಎಲೆಕ್ಟ್ರಿಕಲ್ ಲ್ಯಾಬ್‌ಗಳಲ್ಲಿ ವೋಲ್ಟೇಜ್ ಏರಿಳಿಸುವ ಡಿಮ್ಮರ್‌ಸ್ಟಾಟ್, ಕರೆಂಟ್ ಅಳೆಯುವ ಆ್ಯಮೀಟರ್ ಇದ್ದೇ ಇರುತ್ತವೆ. ತಿಂಗಳಿಗೊಂದು ಶನಿವಾರ ಊರಿನವರಿಗೆ ಬಾಗಿಲು ತೆರೆದು, ಅವರು ತಂದ ಸಪ್ಲೈಯನ್ನು ಮೆಷಿನಿಗೆ ಜೋಡಿಸದೆ ಮೆಲ್ಲ ವೋಲ್ಟೇಜ್ ಏರಿಸಿ ಎಷ್ಟು ಕರೆಂಟ್ ಎಳೆಯುತ್ತದೆ ಅಂತ ನೋಡಿಕೊಡಿ. ವಿದ್ಯಾರ್ಥಿಗಳೇ ಮಾಡಬಹುದಾದ ಕೆಲಸ ಅದು.

ಒಬ್ಬ ಓದುಗ
ಸುರತ್ಕಲ್, ಮಂಗಳೂರು